ಅಘನಾಶಿನಿ ಅಳಿವೆಯಲ್ಲಿ ಸಣ್ಣ ಹಾಯಿದೋಣಿ: ಯಾವಾಗ ಹೊರಡಬೇಕು, ಎಲ್ಲಿ ತನಕ ಹೋಗಬಹುದು?

ಕುಮಟಾದ ಅಳಿಯ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನವನು, ಹೆಂಡತಿಯ ತವರು ಕುಮಟಾ. ಹಾಯಿದೋಣಿ ನಡೆಸಲು ಕಲಿತದ್ದು ಕೆರೆಯಲ್ಲಿ. ಈಗ ಹಳೆಯ ಎಂಟರ್‌ಪ್ರೈಸ್ ದೋಣಿಯೊಂದನ್ನು ಕೊಂಡಿದ್ದೇನೆ. ಹದಿಮೂರಡಿ ಉದ್ದ, ಎರಡು ಹಾಯಿ, ಇಬ್ಬರು ಕೂರಬಹುದು. ಕಾರಿನ ಹಿಂದೆ ಟ್ರೇಲರ್ ಕಟ್ಟಿ ಎಳೆದುಕೊಂಡು ಬರಬಹುದು. ಸೆಂಟರ್‌ಬೋರ್ಡ್ (ದೋಣಿ ಅಡ್ಡ ಜಾರದಂತೆ ತಳದಿಂದ ನೀರಿಗೆ ಇಳಿಸುವ ಹಲಗೆ) ಮೇಲೆತ್ತಿದರೆ ಒಂದು ಗೇಣು ನೀರಿನಲ್ಲೂ ತೇಲುತ್ತದೆ, ಪೂರ್ತಿ ಇಳಿಸಿದರೆ ಮೂರಡಿಗಿಂತ ಜಾಸ್ತಿ ಆಳ ಬೇಕು.

ಡಿಸೆಂಬರ್ ರಜೆಯಲ್ಲಿ ಅಘನಾಶಿನಿಗೆ ಇಳಿಸುವ ಆಸೆ. ಅಳಿವೆ ಬಾಗಿಲ ಹತ್ತಿರದ ತದಡಿ ಕಡೆಯಿಂದ ಹೊರಟು ಹೊಳೆಯ ಒಳಗೆ ಮಿರ್ಜಾನ್ ದಿಕ್ಕಿಗೆ ಹೋಗುವುದು, ಕುರ್ವೆಗಳನ್ನು (ಹೊಳೆಯ ನಡುಗಡ್ಡೆಗಳನ್ನು) ಸುತ್ತಿ ಸಂಜೆ ವಾಪಸ್ ಬರುವುದು. ಆದರೆ ಒಂದು ದಿನ ಅಳಿವೆ ದಾಟಿ ಓಂ ಬೀಚ್ ತನಕ ಹೋಗುವ ಮನಸ್ಸೂ ಇದೆ.

ಕೆರೆಯಲ್ಲಿ ಗಾಳಿ ಒಂದನ್ನು ನೋಡಿಕೊಂಡರೆ ಸಾಕು. ಇಲ್ಲಿ ನೀರೂ ನಡೆಯುತ್ತದೆ. ಇಳಿತದಲ್ಲಿ ಅರ್ಧ ಹೊಳೆ ಕೆಸರಾಗಿ ಬಿಡುತ್ತದೆ, ಮಧ್ಯದಲ್ಲಿ ಸಿಕ್ಕಿಕೊಂಡರೆ ಯಾರೂ ಬರಲ್ಲ ಎಂದು ಮಾವ ಹೇಳುತ್ತಾರೆ. ಉಬ್ಬರ ಇಳಿತಕ್ಕೂ ಗಾಳಿಗೂ ಹೊಂದಿಸಿಕೊಂಡು ಹೊರಡುವುದು ಹೇಗೆ? ಕೆಸರಲ್ಲಿ ಕೂತರೆ ಏನು ಮಾಡಬೇಕು? ಆ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಹೊಳೆಬದಿಯವ

ಮೊದಲು ಓಂ ಬೀಚ್ ವಿಷಯ ಮುಗಿಸಿಬಿಡುತ್ತೇನೆ. ಬೇಡ ಮಾರಾಯ್ರೆ. ಅಳಿವೆ ಬಾಗಿಲಲ್ಲಿ ಇಳಿತದ ನೀರು ಹೊರಗೆ ನುಗ್ಗುತ್ತದೆ, ಕಡಲ ತೆರೆ ಒಳಗೆ ಬರುತ್ತದೆ. ಎರಡೂ ಎದುರಾದ ಕಡೆ ನೀರು ಎದ್ದು ನಿಂತು ಒಡೆಯುತ್ತದೆ. ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಸೇರಿದರೆ ಇನ್ನೂ ಕೆಟ್ಟದು. ಮರಳಿನ ದಿಬ್ಬ ಪ್ರತಿ ಮಳೆಗಾಲದಲ್ಲೂ ಜಾಗ ಬದಲಿಸುತ್ತದೆ, ಹೋದ ವರ್ಷದ ದಾರಿ ಈ ವರ್ಷ ಇರುವುದಿಲ್ಲ. ದಿನಾ ಹೋಗಿಬರುವ ಮೀನುಗಾರರೇ ಅಲ್ಲಿ ಎಂಜಿನ್ ಇಟ್ಟುಕೊಂಡು ಹೊತ್ತು ಕಾದು ದಾಟುತ್ತಾರೆ. ಎಂಜಿನ್ ಇಲ್ಲದ ಹದಿಮೂರಡಿ ದೋಣಿಗೆ ಅದು ಜಾಗ ಅಲ್ಲ.

ಒಳಗಿನ ಹೊಳೆ ಮಾತ್ರ ನಿಮ್ಮ ದೋಣಿಗೆ ಹೇಳಿ ಮಾಡಿಸಿದ ಹಾಗಿದೆ. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಯಾರೂ ತಡೆಯದೆ ಕಡಲಿಗೆ ಬರುವ ಹೊಳೆ ಇದು. ಹಾಗಾಗಿ ಡಿಸೆಂಬರ್ ಹೊತ್ತಿಗೆ ಮೇಲಿನ ನೀರು ಕಡಿಮೆಯಾಗಿ, ಅಳಿವೆಯಲ್ಲಿ ಏನಿದ್ದರೂ ಕಡಲಿನದೇ ಲೆಕ್ಕ. ಪಕ್ಕದ ಶರಾವತಿಯಲ್ಲಿ ಹಾಗಲ್ಲ, ಲಿಂಗನಮಕ್ಕಿ, ಗೇರುಸೊಪ್ಪೆಯಲ್ಲಿ ಕರೆಂಟು ತೆಗೆಯಲು ಬಿಡುವ ನೀರೂ ಸೇರುತ್ತದೆ. ಕಲಿಯುವವರಿಗೆ ಅಘನಾಶಿನಿಯೇ ಒಳ್ಳೆಯದು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಪಂಚಾಂಗ ತೆಗೆಯಿರಿ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ತುಂಬುವುದು ಹೆಚ್ಚು ಕಡಿಮೆ ನಡುಮಧ್ಯಾಹ್ನಕ್ಕೆ, ಮತ್ತೆ ನಡುರಾತ್ರಿಗೆ. ಇಳಿತ ತಳ ಮುಟ್ಟುವುದು ಬೆಳಿಗ್ಗೆ ಸಂಜೆ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತಾ ಹೋಗುತ್ತದೆ. ಅಷ್ಟಮಿ ಬರುವ ಹೊತ್ತಿಗೆ ಲೆಕ್ಕ ತಿರುಗಿರುತ್ತದೆ: ಮಧ್ಯಾಹ್ನ ಇಳಿತ, ಸಂಜೆಗೆ ಉಬ್ಬರ.

ಗಾಳಿಗೂ ಒಂದು ದಿನಚರಿ ಇದೆ. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಘಟ್ಟದ ಕಡೆಯಿಂದ ತಣ್ಣನೆಯ ಮೂಡಗಾಳಿ. ಹತ್ತು ಹನ್ನೊಂದಕ್ಕೆ ಅದು ಸತ್ತುಹೋಗಿ ಸ್ವಲ್ಪ ಹೊತ್ತು ಎಲೆ ಅಲ್ಲಾಡುವುದಿಲ್ಲ. ಆಮೇಲೆ ಕಡಲ ಕಡೆಯಿಂದ ಪಡುವಣ ಗಾಳಿ ಎದ್ದು ಸಂಜೆ ತನಕ ಬೀಸುತ್ತದೆ.

ಎರಡನ್ನೂ ಕೂಡಿಸಿ ನೋಡಿ. ಹುಣ್ಣಿಮೆಯ ದಿನ ಬೆಳಿಗ್ಗೆ ನೀರು ಒಳಗೆ ಹರಿಯುತ್ತದೆ, ಗಾಳಿ ಹೊರಗೆ ಬೀಸುತ್ತದೆ. ಮಧ್ಯಾಹ್ನದ ಮೇಲೆ ನೀರು ಹೊರಗೆ, ಗಾಳಿ ಒಳಗೆ. ದಿನವಿಡೀ ಎರಡೂ ಜಗಳ. ಅಷ್ಟಮಿ ಹತ್ತಿರ ಎರಡೂ ಒಂದೇ ದಿಕ್ಕಿಗೆ ನಡೆಯುತ್ತವೆ. ಮಧ್ಯಾಹ್ನ ಹನ್ನೆರಡೂವರೆ ಒಂದಕ್ಕೆ ಇಳಿತ ತಿರುಗಿ ನೀರು ಒಳಬರುವಾಗ ಪಡುವಣ ಗಾಳಿಯೂ ಬೆನ್ನಿಗೆ ಇರುತ್ತದೆ. ಸುಮ್ನೆ ಚುಕ್ಕಾಣಿ ಹಿಡಿದು ಕೂತರೆ ಮಿರ್ಜಾನ್ ದಿಕ್ಕಿಗೆ ಹೋಗುತ್ತೀರಿ. ರಾತ್ರಿ ಮೇಲಿನ ಊರಲ್ಲಿ ಉಳಿದು, ಬೆಳಿಗ್ಗೆ ಉಬ್ಬರ ತುಂಬಿದ ಕೂಡಲೇ ಹೊರಟರೆ ಇಳಿತವೂ ಮೂಡಗಾಳಿಯೂ ವಾಪಸ್ ತಂದು ಬಿಡುತ್ತವೆ. ಅಷ್ಟಮಿಯ ಉಬ್ಬರಕ್ಕೆ ಜೋರು ಕಡಿಮೆ, ನೀರಿನ ಏರಿಳಿತವೂ ಕಡಿಮೆ. ಕೆಸರು ಅಷ್ಟೊಂದು ಬಯಲಾಗುವುದಿಲ್ಲ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ರಜೆ ಸಿಕ್ಕ ದಿನ ಬರಬೇಡಿ, ಅಷ್ಟಮಿ ನೋಡಿ ರಜೆ ಹಾಕಿ.

ಒಂದೇ ದಿನದಲ್ಲಿ ಮುಗಿಸಬೇಕು ಅಂದರೆ ಹುಣ್ಣಿಮೆಯ ಮಾರನೆಯ ದಿನಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೆ, ಅರ್ಧ ಉಬ್ಬರದಲ್ಲಿ ಹೊರಡಿ. ಮೂಡಗಾಳಿಗೆ ಎದುರಾಗಿ ಅಡ್ಡಡ್ಡ ಹಾಯಬೇಕು, ಆದರೆ ನೀರು ಕೆಳಗಿನಿಂದ ದೂಡುತ್ತದೆ. ಉಬ್ಬರ ತುಂಬುವ ಮೊದಲೇ ತಿರುಗಿ. ಇದು ಕಟ್ಟುನಿಟ್ಟು.

ನೀರು ಓದುವ ವಿಷಯ ಹೇಳುತ್ತೇನೆ. ನಮ್ಮ ಹೊಳೆಯಲ್ಲಿ ಆಳ ತಿಳಿಯಲು ಅತ್ಯಂತ ಸುಲಭದ ದಾರಿ ಎಂದರೆ ಬಳಚು ಚಿಪ್ಪು ಹೆಕ್ಕುವವರನ್ನು ನೋಡುವುದು. ಇಳಿತದ ಹೊತ್ತಿಗೆ ಗಂಡಸರು ಹೆಂಗಸರು ನೀರಿಗಿಳಿದು ಕಾಲಿನಲ್ಲೇ ತಡಕಿ ಚಿಪ್ಪು ತೆಗೆಯುತ್ತಾರೆ. ಅವರು ಮೊಣಕಾಲು ನೀರಲ್ಲಿ ನಿಂತಿದ್ದರೆ ಅಲ್ಲಿ ನಿಮ್ಮ ಬೋರ್ಡ್‌ಗೆ ಜಾಗ ಇಲ್ಲ. ಅವರು ಪಾತಿದೋಣಿ ಕಟ್ಟಿಟ್ಟ ಆಚೆಗೆ, ನೀರಿನ ಬಣ್ಣ ಕಡುವಾದ ಕಡೆ ಆಳದ ಸಾಲು ಇರುತ್ತದೆ. ಆದರೆ ಹತ್ತಿರದಿಂದ ಹಾಯಿ ಬಿಟ್ಟುಕೊಂಡು ಹೋಗಬೇಡಿ. ಕುತ್ತಿಗೆ ತನಕ ನೀರಲ್ಲಿ ಬಗ್ಗಿದವರಿಗೆ ಸದ್ದಿಲ್ಲದೆ ಬರುವ ಹಾಯಿದೋಣಿ ಕಾಣುವುದಿಲ್ಲ. ದೂರದಿಂದಲೇ ಕೂಗಿ. ಇದು ಅವರ ಅನ್ನದ ಜಾಗ. 2024ರಲ್ಲಿ ಅಳಿವೆಗೆ ರಾಮ್‌ಸರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು, ಸಂತೋಷ. ಆದರೆ ಪಟ್ಟಿಗಿಂತ ಎಷ್ಟೋ ಮೊದಲಿಂದ ಈ ಕೆಸರನ್ನು ಹಾಳು ಮಾಡದೆ ಬಾಳಿಸಿಕೊಂಡು ಬಂದವರು ಇವರು.

ಗೂಟ ನೆಟ್ಟು ಕಟ್ಟಿದ ಬಲೆಗಳಿರುತ್ತವೆ. ಗೂಟದ ಸಾಲು ಕಂಡರೆ ಮಧ್ಯ ನುಗ್ಗಬೇಡಿ, ಸುತ್ತಿ ಹೋಗಿ. ಗಜನಿ ಕಟ್ಟೆಗಳ ಹಲಗೆ ಬಾಗಿಲಿಂದಲೂ ದೂರ ಇರಿ. ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುವ ಗದ್ದೆಗಳು ಅವು. ಕೊಯ್ಲಾದ ಮೇಲೆ ಸಿಗಡಿಗೆ ಉಪ್ಪುನೀರು ಒಳಬಿಡುತ್ತಾರೆ. ಉಬ್ಬರ ಇಳಿತದಲ್ಲಿ ಆ ಬಾಗಿಲಲ್ಲಿ ನೀರು ಎಳೆಯುವ ರಭಸ ನೋಡಿದರೆ ಭಯವಾಗುತ್ತದೆ.

ಎಸೆಕ್ಸ್ ಕನ್ನಡತಿ

ಮೇಲಿನವರು ಹೇಳಿದ್ದಕ್ಕೆ ಕೆಸರಿನ ವಿಷಯ ಸ್ವಲ್ಪ ಸೇರಿಸುತ್ತೇನೆ. ನಾನು ಇರುವುದು ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಬ್ಲ್ಯಾಕ್‌ವಾಟರ್ ನದಿಯ ಬದಿ. ಮಾಲ್ಡನ್ ಊರಿನಲ್ಲಿ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ಐದು ಮೀಟರ್ ಹತ್ತಿರ ವ್ಯತ್ಯಾಸ. ಇಳಿತದಲ್ಲಿ ಹೊಳೆಯೇ ಮಾಯವಾಗಿ ಕೆಸರು ಉಳಿಯುತ್ತದೆ. ಥೇಮ್ಸ್ ಬಾರ್ಜ್ ಎನ್ನುವ ಹಳೆಯ ಹಾಯಿದೋಣಿಗಳಿಗೆ ತಳ ಚಪ್ಪಟೆ, ಅವು ಕೆಸರಿನ ಮೇಲೆ ಸುಮ್ಮನೆ ಕೂತು ಮುಂದಿನ ಉಬ್ಬರಕ್ಕೆ ಕಾಯುತ್ತವೆ. ಇಲ್ಲಿ ಕೆಸರಿನಲ್ಲಿ ಕೂರುವುದು ಅವಮಾನ ಅಲ್ಲ, ದಿನದ ಕೆಲಸ.

ಇಲ್ಲಿ ಎಲ್ಲರೂ ಬಾಯಿಪಾಠ ಮಾಡುವ ಒಂದು ಲೆಕ್ಕ ಇದೆ. ಉಬ್ಬರದ ಆರು ಗಂಟೆಯಲ್ಲಿ ನೀರು ಒಂದೇ ಸಮ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ನಾಲ್ಕನೆಯದಕ್ಕೆ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಅಂದರೆ 1.8 ಮೀಟರ್ ಏರುವ ದಿನ ಮೊದಲ ಗಂಟೆಯಲ್ಲಿ 15 ಸೆಂ.ಮೀ. ಮಾತ್ರ, ಮೂರನೆಯ ಗಂಟೆಯಲ್ಲಿ 45. ಇಳಿಯುವಾಗಲೂ ಹಾಗೆ. ಇಳಿತದ ಮಧ್ಯದ ಎರಡು ಗಂಟೆಯಲ್ಲಿ ತಳ ತಾಗಿದರೆ ನಿಮಿಷ ನಿಮಿಷಕ್ಕೂ ನೀರು ಜಾರುತ್ತದೆ, ಯೋಚನೆ ಮಾಡುತ್ತಾ ಕೂರಬೇಡಿ.

ತಾಗಿದ ಕೂಡಲೇ ಬೋರ್ಡ್, ಚುಕ್ಕಾಣಿ ಎರಡನ್ನೂ ಎತ್ತಿ, ಹಾಯಿಯ ಹಗ್ಗ ಸಡಿಲ ಬಿಡಿ, ಬಂದ ದಾರಿಯಲ್ಲೇ ಹಿಂದಕ್ಕೆ ದೂಡಿ. ದೂಡುವ ಗಳದ ತುದಿಗೆ ಅಂಗೈ ಅಗಲದ ಹಲಗೆ ಚೂರು ಬಡಿಯಿರಿ, ಇಲ್ಲದಿದ್ದರೆ ಗಳವೇ ಹೂತುಹೋಗುತ್ತದೆ. ಇಳಿದು ದೂಡುವ ಯೋಚನೆ ಬೇಡ. ತೊಡೆ ತನಕ ಕೆಸರಲ್ಲಿ ಇಳಿದ ಕಾಲನ್ನು ಹೊರತೆಗೆಯುವುದು ಸಣ್ಣ ಕೆಲಸ ಅಲ್ಲ. ಬಿಡಿಸಿಕೊಳ್ಳಲು ಆಗದಿದ್ದರೆ ಲಂಗರು ಹಾಕಿ, ಟೋಪಿ ಹಾಕಿಕೊಂಡು, ಕುಡಿಯುವ ನೀರು ಹಿಡಿದು ಕೂತಿರಿ. ಅದಕ್ಕೇ ನೀರು ಜಾಸ್ತಿ ಇಟ್ಟುಕೊಳ್ಳಿ. ಮಡಚುವ ನಾಲ್ಕು ಕೊಕ್ಕೆಯ ಸಣ್ಣ ಲಂಗರು ಮೆತ್ತನೆಯ ಕೆಸರಲ್ಲಿ ಕಚ್ಚುವುದಿಲ್ಲ. ಅಗಲ ರೆಕ್ಕೆಯ ಡ್ಯಾನ್‌ಫೋರ್ತ್ ತರಹದ್ದು ತೆಗೆದುಕೊಳ್ಳಿ. ಆಳದ ಐದು ಪಟ್ಟು ಹಗ್ಗ ಬಿಡಿ.

ಹಂಗಾರಕಟ್ಟೆ

ಅಕ್ಕ ಹೇಳಿದ ಲೆಕ್ಕ ಒಳ್ಳೆಯದು, ಆದರೆ ನಮ್ಮ ಕಡೆ ಒಂದು ವ್ಯತ್ಯಾಸ ಇದೆ. ಇಲ್ಲಿ ದಿನದ ಎರಡು ಉಬ್ಬರ ಒಂದೇ ಎತ್ತರಕ್ಕೆ ಬರುವುದಿಲ್ಲ, ಇಳಿತವೂ ಅಷ್ಟೆ. ಒಂದು ದೊಡ್ಡದು, ಒಂದು ಚಿಕ್ಕದು. ಅಷ್ಟಮಿ ಹತ್ತಿರ ಈ ಹೆಚ್ಚುಕಮ್ಮಿ ಎದ್ದು ಕಾಣುತ್ತದೆ. ದೊಡ್ಡ ಉಬ್ಬರ ತುಂಬಿದಾಗ ದಿಬ್ಬದ ಮೇಲೆ ಕೂತರೆ ಮುಂದಿನ ಚಿಕ್ಕ ಉಬ್ಬರ ನಿಮ್ಮನ್ನು ಎತ್ತದೇ ಹೋಗಬಹುದು. ಆಮೇಲೆ ಮಾರನೆಯ ದಿನವೇ. ಹಾಗಾಗಿ ತಿಥಿ ನೋಡಿ ದಿನ ಆರಿಸಿ, ಆದರೆ ಗಂಟೆ ಮತ್ತು ಎತ್ತರಕ್ಕೆ ಉಬ್ಬರದ ಪಟ್ಟಿಯನ್ನೇ ನೋಡಿ. ಹೈದರಾಬಾದಿನ ಇನ್‌ಕೋಯಿಸ್ ಸಂಸ್ಥೆ ಕೊಡುತ್ತದೆ, ತೆರೆ ಏಳುವ ಎಚ್ಚರಿಕೆಯೂ ಅಲ್ಲೇ ಸಿಗುತ್ತದೆ. ಪಟ್ಟಿಯ ಗಂಟೆ ಕಡಲ ಬದಿಯದು. ಹೊಳೆಯ ಒಳಗೆ ಹೋದ ಹಾಗೆ ಉಬ್ಬರ ತಡವಾಗಿ ಮುಟ್ಟುತ್ತದೆ.

ನಮ್ಮ ಕೋಡಿ ಬೆಂಗ್ರೆ ಕಡೆಗೂ ಒಮ್ಮೆ ಬನ್ನಿ. ಸ್ವರ್ಣಾ, ಸೀತಾ ಎರಡೂ ಸೇರುವ ಜಾಗ, ಕುದ್ರುಗಳ (ನಡುಗಡ್ಡೆಗಳ) ಮಧ್ಯೆ ಸಣ್ಣ ದೋಣಿಗೆ ಬೇಕಾದಷ್ಟು ದಾರಿ.

ಕುಮಟಾದ ಅಳಿಯ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓಂ ಬೀಚ್ ಕೈಬಿಟ್ಟೆ. ಅಷ್ಟಮಿ ನೋಡಿಯೇ ರಜೆ ಹಾಕುತ್ತೇನೆ. ಅಣ್ಣ, ಇನ್ನೆರಡು ಪ್ರಶ್ನೆ. ದೋಣಿ ಇಳಿಸುವುದು ಎಲ್ಲಿ? ತದಡಿ ಬಂದರಲ್ಲೇ ಆಗುತ್ತಾ? ನನ್ನ ದೋಣಿಯ ಹಾಯಿಕಂಬ ಇಪ್ಪತ್ತಡಿಗಿಂತ ಎತ್ತರ ಇದೆ, ಅಲ್ಯುಮಿನಿಯಂ. ಹೆದ್ದಾರಿ ಸೇತುವೆ ಕೆಳಗೆ ಹೋಗಬಹುದಾ?

ಹೊಳೆಬದಿಯವ

ತದಡಿ ಧಕ್ಕೆಯಲ್ಲಿ ಡಿಸೆಂಬರ್ ಅಂದರೆ ಮೀನಿನ ಹಂಗಾಮು. ಬೋಟುಗಳ ಮಧ್ಯೆ ನಿಮಗೂ ಕಷ್ಟ, ಅವರಿಗೂ ಕಷ್ಟ. ಅಘನಾಶಿನಿ ಊರಿಗೆ ದಾಟಿಸುವ ದೋಣಿಯೂ ಅಲ್ಲೇ ಓಡಾಡುತ್ತದೆ. ಒಳಗಿನ ಊರುಗಳಲ್ಲಿ ಗಟ್ಟಿ ದಡ ಇರುವ ಜಾಗ ಕೇಳಿ ಇಳಿಸಿ. ಟ್ರೇಲರ್ ಚಕ್ರ ಹೂತುಹೋಗದ ದಡ ಬೇಕು, ಅದನ್ನು ಇಳಿತದ ಹೊತ್ತಿಗೆ ಒಮ್ಮೆ ನಡೆದು ನೋಡಿ. ಉಬ್ಬರದಲ್ಲಿ ಎಲ್ಲಾ ದಡವೂ ಚೆನ್ನಾಗಿಯೇ ಕಾಣುತ್ತದೆ.

ಸೇತುವೆ ಕಾಣುವ ತನಕ ಹೋಗಿ, ಅಲ್ಲಿಂದ ತಿರುಗಿ. ಸೇತುವೆಯ ಕಂಬಗಳ ಮಧ್ಯೆ ನೀರಿನ ಎಳೆತ ಜೋರು, ಗಾಳಿ ಸಿಗುವುದಿಲ್ಲ, ಹಾಯಿ ಕೆಲಸ ಮಾಡದ ಹೊತ್ತಿಗೇ ನೀರು ನಿಮ್ಮನ್ನು ಕಂಬಕ್ಕೆ ಒಯ್ಯುತ್ತದೆ. ಸೇತುವೆಗಿಂತ ನನಗೆ ಹೆದರಿಕೆ ಕರೆಂಟು ತಂತಿಯದು. ಕುರ್ವೆಗಳಿಗೆ, ಸಣ್ಣ ಕವಲುಗಳ ಆಚೆಯ ಮನೆಗಳಿಗೆ ತಂತಿ ನೀರಿನ ಮೇಲೇ ಹಾದಿರುತ್ತದೆ. ಉಬ್ಬರದಲ್ಲಿ ನೀರು ಏರಿದಷ್ಟೂ ನಿಮ್ಮ ಹಾಯಿಕಂಬ ಮೇಲೆ ಬರುತ್ತದೆ ಎನ್ನುವುದು ನೆನಪಿರಲಿ. ಕವಲಿಗೆ ತಿರುಗುವ ಮೊದಲು ಎರಡೂ ದಡದಲ್ಲಿ ಕರೆಂಟು ಕಂಬ ಇದೆಯಾ ನೋಡಿ. ಇದ್ದರೆ ಒಳಗೆ ಹೋಗಬೇಡಿ. ಹೋಗಲೇಬೇಕು ಅಂದರೆ ದಡಕ್ಕೆ ಕಟ್ಟಿ, ಹಾಯಿಕಂಬ ಮಲಗಿಸಿ, ಹುಟ್ಟು ಹಾಕಿಕೊಂಡು ಹೋಗಿ. ಕಾಂಡ್ಲಾ (ಮ್ಯಾಂಗ್ರೋವ್) ಮರಗಳ ಮಧ್ಯದ ದಾರಿಗಳಿಗೆ ಹಾಯಿಗಿಂತ ಹುಟ್ಟೇ ಚೆನ್ನ. ಅಲ್ಲಿ ಬೇರಿನ ಮೇಲೆ ಕೆಸರಿನ ಗೆರೆ ಎಲ್ಲಿ ತನಕ ಒದ್ದೆ ಇದೆ ನೋಡಿದರೆ ನೀರು ಎಷ್ಟು ಇಳಿದಿದೆ ಗೊತ್ತಾಗುತ್ತದೆ.

ಲೈಫ್ ಜಾಕೆಟ್ ಹಾಕಿಕೊಂಡೇ ದೋಣಿ ಹತ್ತಿ. ಹೊರಡುವ ಮೊದಲು ಬಂದರು ಇಲಾಖೆಯಲ್ಲಿ ಕೇಳಿ, ಕರಾವಳಿ ಕಾವಲು ಪೊಲೀಸರಿಗೂ ತಿಳಿಸಿ. ಗುರುತಿಲ್ಲದ ದೋಣಿ ಕಂಡರೆ ಅವರು ವಿಚಾರಿಸುತ್ತಾರೆ, ಅದು ಅವರ ಕೆಲಸ. ಮೊದಲ ದಿನ ಊರಿನ ದೋಣಿಯವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಈ ವರ್ಷದ ದಿಬ್ಬ ಎಲ್ಲಿದೆ ಅವರಿಗೇ ಗೊತ್ತು. ದಿನದ ಸಂಬಳ ಮೊದಲೇ ಮಾತಾಡಿ ಕೊಡಿ. ನಿಮ್ಮ ಮಾವನನ್ನು ಕೇಳಿದರೆ ಹೆಸರು ಹೇಳುತ್ತಾರೆ.