‘ಲೂಸಿಂಗ್ ಸ್ಟ್ರೀಕ್’: ಸೋಲಿನ ಸರಣಿಯೋ, ಸೋಲಿನ ಸಾಲೋ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಇದು ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡಿ ಅಂಕ ಗಳಿಸುವ ಅಮೆರಿಕನ್ ಫುಟ್‌ಬಾಲ್. ಶಿಕಾಗೋ ಪಕ್ಕದ ಇವಾನ್‌ಸ್ಟನ್ ಊರಿನ ಈ ತಂಡ 1979ರಿಂದ 1982ರವರೆಗೆ ಒಂದಾದ ಮೇಲೊಂದು 34 ಪಂದ್ಯ ಸೋತಿತು. ಇದಕ್ಕೆ ಅಲ್ಲಿನವರು ಹೇಳುವ ‘ಲೂಸಿಂಗ್ ಸ್ಟ್ರೀಕ್’ ಅನ್ನೋ ಮಾತಿಗೆ ಕನ್ನಡ ಹುಡುಕುತ್ತಾ ನಿಂತುಬಿಟ್ಟಿದ್ದೇನೆ.

‘34 ಪಂದ್ಯಗಳ ಸೋಲಿನ ಸರಣಿ’ ಎಂದು ಬರೆದಿದ್ದೆ. ಅಪ್ಪ ಓದಿ, “ಅಷ್ಟು ದೊಡ್ಡ ಸರಣಿನಾ? ಯಾರ ಜೊತೆ ಆಡಿದ್ದು?” ಎಂದು ಕೇಳಿದರು. ಅವರು ಕೇಳಿದ್ದು ಸರಿಯಾಗೇ ಇದೆ. ಕ್ರಿಕೆಟ್ ಸುದ್ದಿ ಓದಿ ಓದಿ ನಮಗೆ ಸರಣಿ ಅಂದರೆ ಎರಡೇ ತಂಡ ಆಡುವ ಮೂರೋ ಐದೋ ಪಂದ್ಯ. ‘ಸರಣಿ ಸೋಲು’ ಅಂದರೆ 2–1ರಿಂದ ಸೋತರು ಅಂತಲೇ ತಲೆಗೆ ಹೋಗುತ್ತದೆ.

‘ಸತತ ಸೋಲು’ ಒಳ್ಳೆಯ ಮಾತು. ಆದರೆ ಅದು ಮುಗಿದದ್ದನ್ನು ಹೇಳುವಾಗ ತೊಡಕು. ‘ಸತತ ಸೋಲು ಮುರಿಯಿತು’ ಅಂತ ಯಾರೂ ಅನ್ನುವುದಿಲ್ಲ, ಅಲ್ವಾ? ಪತ್ರಿಕೆಗಳ ‘ಸೋಲಿನ ಸರಪಳಿ’ ಕಳಚುತ್ತದೆ, ನಿಜ. ಆದರೂ ಸರಪಳಿ ಅಂದ ಕೂಡಲೇ ಯಾರೋ ಕಟ್ಟಿಹಾಕಿದ ಹಾಗೆ ಕೇಳಿಸುತ್ತದೆ. ಈ ಹುಡುಗರು ಆಡಿಯೇ ಸೋತರು. 1981ರ 11 ಪಂದ್ಯಗಳಲ್ಲಿ ಗಳಿಸಿದ್ದು 82 ಅಂಕ, ಬಿಟ್ಟುಕೊಟ್ಟದ್ದು 505. ಸೋತು ಸುಣ್ಣವಾಗುವುದು ಅಂದರೆ ಇದೇ.

ನನ್ನ ಮನಸ್ಸು ಈಗ ‘ಸೋಲಿನ ಸಾಲು’ ಕಡೆ ವಾಲಿದೆ. ಸಾಲುಮರ, ಸಾಲುದೀಪ, ಇರುವೆ ಸಾಲು. ಒಂದರ ಹಿಂದೆ ಒಂದು ಅನ್ನೋದು ಪದದಲ್ಲೇ ಇದೆ. ಸಾಲು ಉದ್ದವಾಗುತ್ತದೆ, ಎಲ್ಲೋ ಒಂದು ಕಡೆ ಮುರಿಯುತ್ತದೆ. ಹೀಗೆ ಬರೆದು ನೋಡಿದೆ: ‘1982ರ ಸೆಪ್ಟೆಂಬರ್ 25ರಂದು ನಾರ್ದರ್ನ್ ಇಲಿನಾಯ್ ತಂಡವನ್ನು 31–6ರಿಂದ ಮಣಿಸಿದಾಗ ಸೋಲಿನ ಸಾಲು ಮುರಿಯಿತು. ವಿದ್ಯಾರ್ಥಿಗಳು ಗೋಲುಕಂಬ ಕಿತ್ತು, ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಮಿಶಿಗನ್ ಸರೋವರಕ್ಕೆ ಎಸೆದರು.’ ಇಲ್ಲಿ ‘ಸರಣಿ’ ಹಾಕಿದ್ದರೆ ಆ ಖುಷಿ ಓದುಗರಿಗೆ ಮುಟ್ಟುತ್ತಿರಲಿಲ್ಲ ಅನ್ನಿಸುತ್ತದೆ.

ಇನ್ನೂ ಕಷ್ಟ ಕೊಡುತ್ತಿರುವುದು ‘ಲೂಸಿಂಗ್ ಸೀಸನ್’. ಗೆದ್ದದ್ದಕ್ಕಿಂತ ಸೋತದ್ದು ಜಾಸ್ತಿ ಇರುವ ವರ್ಷ ಅದು. ‘ಸೋಲಿನ ಹಂಗಾಮು’ ಅಂದರೆ ಎಲ್ಲಾ ಪಂದ್ಯ ಸೋತರು ಅನ್ನುವ ಅರ್ಥ ಬಂದುಬಿಡುತ್ತದೆ. 1980 ಮತ್ತು 1981ಕ್ಕೆ ಅದು ಸರಿ, ಎರಡೂ ವರ್ಷ 11ಕ್ಕೆ 11 ಸೋತಿದ್ದರು. 1982ರಲ್ಲಿ 3 ಗೆದ್ದು 8 ಸೋತರು. ಸಾಲು ಮುರಿದ ವರ್ಷವೂ ಲೂಸಿಂಗ್ ಸೀಸನ್ನೇ! ಈ ಎರಡು ಮಾತನ್ನು ಒಂದೇ ಪ್ಯಾರಾದಲ್ಲಿ ಹೇಳಬೇಕು, ಗೊಂದಲ ಆಗಬಾರದು.

‘ಹಂಗಾಮು’ ಮಾತ್ರ ಬಿಡಲು ಮನಸ್ಸಿಲ್ಲ. ಮುಂಗಾರು ಹಂಗಾಮು, ಕಬ್ಬು ನುರಿಸುವ ಹಂಗಾಮು ಅನ್ನುವ ಹಾಗೇ ಇದೂ. ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ ಆಟ, ಆಮೇಲೆ ಮೈದಾನ ಖಾಲಿ. ಹಾಗಾದರೆ ‘ಲುಕ್ಸಾನಿನ ಹಂಗಾಮು’ ಅನ್ನಬಹುದೇ? ಈ ಸಲ ಲುಕ್ಸಾನು ಆಯ್ತು ಅಂತ ರೈತ ಹೇಳಿದರೆ ಏನೂ ಬೆಳೆಯಲಿಲ್ಲ ಅಂತ ಅಲ್ಲ. ನಾಲ್ಕು ಚೀಲ ಬಂದಿರಬಹುದು, ಆದರೆ ಹಾಕಿದ್ದು ಹುಟ್ಟಲಿಲ್ಲ. 3 ಗೆಲುವು, 8 ಸೋಲಿನ ಲೆಕ್ಕಕ್ಕೆ ಇದು ಕೂತ ಹಾಗಿದೆ. ಆಟದ ಮಾತಿಗೆ ಲುಕ್ಸಾನು ನಿಮ್ಮ ಕಿವಿಗೆ ಒಗ್ಗುತ್ತದೆಯೇ? ನಿಮ್ಮ ಊರಿನ ಕಬಡ್ಡಿ, ವಾಲಿಬಾಲ್ ತಂಡದವರು ಇಂಥ ವರ್ಷಕ್ಕೆ ಏನನ್ನುತ್ತಾರೆ? ಆಡುವವರ ಬಾಯಲ್ಲಿರುವ ಮಾತು ಸಿಕ್ಕರೆ ಅದನ್ನೇ ಹಾಕುತ್ತೇನೆ.