ಅಪ್‌ಡೇಟ್: ಮ್ಯಾಕ್ ಆಂಡ್ ಚೀಸ್‌ಗೆ ಕಿಮ್ಚಿ, ಮೀಟ್‌ಲೋಫ್‌ಗೆ ಗೋಚುಜಾಂಗ್

ಇಲ್ಲಿ ಅಮೆರಿಕದಲ್ಲಿ ಮನೆಯಲ್ಲಿ ಮಾಡೋ ಅಡುಗೆಗೆ ಕೊರಿಯನ್ ರುಚಿ ಸೇರಿಸೋದು ಹೇಗೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ. ಮಾಡಿ ನೋಡಿದೆ.

ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಮ್ಯಾಕ್ ಆಂಡ್ ಚೀಸ್, ಅಂದ್ರೆ ಚೀಸ್ ಸಾಸ್ ಹಾಕಿದ ಮ್ಯಾಕರೋನಿ. ಹುಳಿ ಬಂದ ಹಳೆಯ ಕಿಮ್ಚಿಯನ್ನೇ (ಖಾರ ಹಾಕಿ ಹುಳಿ ಬರಿಸಿದ ಕೊರಿಯನ್ ಎಲೆಕೋಸು) ಹಾಕಿ ಅಂದಿದ್ದಿರಿ, ಅದು ನಿಜ. ರಸ ಹಿಂಡಿ, ಸಣ್ಣಗೆ ಹೆಚ್ಚಿ, ಅಂಚು ಕೆಂಪಗಾಗುವವರೆಗೆ ಬೆಣ್ಣೆಯಲ್ಲಿ ಹುರಿದೆ. ಆಮೇಲೆ ಚೀಸ್ ಸಾಸ್‌ಗೆ ಬೆರೆಸಿದೆ. ಹಿಂಡದೆ ಹಾಕಿದರೆ ಸಾಸ್ ನೀರಾಗುತ್ತದೆ. ಚೀಸ್‌ನ ಜಿಡ್ಡನ್ನು ಕಿಮ್ಚಿಯ ಹುಳಿ ಎಷ್ಟು ಚೆನ್ನಾಗಿ ಮುರಿಯುತ್ತದೆ ಅಂದ್ರೆ, ಇನ್ನು ಬರೀ ಚೀಸ್ ಹಾಕಿ ಮಾಡೋಕೆ ನನಗೆ ಮನಸ್ಸಿಲ್ಲ. ಸಸ್ಯಾಹಾರಿಗಳು ಮಾತ್ರ ಲೇಬಲ್ ಓದಿ. ಬಹಳಷ್ಟು ಕಿಮ್ಚಿಯಲ್ಲಿ ಮೀನಿನ ಸಾಸ್ ಅಥವಾ ಉಪ್ಪು ಹಾಕಿದ ಸಿಗಡಿ ಇರುತ್ತದೆ.

ಮೀಟ್‌ಲೋಫ್‌ಗೆ (ಕೊಚ್ಚಿದ ಮಾಂಸವನ್ನು ಬ್ರೆಡ್ಡಿನ ಆಕಾರದಲ್ಲಿ ಬೇಯಿಸಿದ್ದು) ಸವರುವ ಕೆಚಪ್‌ಗೆ ಅದರ ಅರ್ಧದಷ್ಟು ಗೋಚುಜಾಂಗ್ (ಕೊರಿಯನ್ ಮೆಣಸಿನಕಾಯಿ ಪೇಸ್ಟ್), ಸ್ವಲ್ಪ ವಿನೆಗರ್ ಸೇರಿಸಿದೆ. ಸಿಹಿ ಇರುವುದರಿಂದ ಬೇಗ ಸೀಯುತ್ತದೆ, ಕೊನೆಯ 15 ನಿಮಿಷ ಇರುವಾಗ ಸವರಿದರೆ ಸಾಕು.

ಕೊರಿಯನ್ ರುಚಿಗೆ ಎಳ್ಳೆಣ್ಣೆ ಹಾಕುವುದಾದರೆ ಹುರಿದ ಎಳ್ಳಿನದೇ ಆಗಬೇಕು, ಅದೂ ಒಲೆ ಆರಿಸಿದ ಮೇಲೆ ಹಾಕಬೇಕು. ನಮ್ಮೂರಿನ ಒಗ್ಗರಣೆಯ ಎಳ್ಳೆಣ್ಣೆಗೆ ಆ ಘಮ ಇಲ್ಲ.

ಈ ಬೆರಕೆ ಯಾಕೆ ಅಂತಲೂ ಒಬ್ಬರು ಕೇಳಿದ್ದರು. ಕೊರಿಯನ್ನರೇ ಮಾಡಿದ್ದಾರಲ್ವಾ? 1950–53ರ ಕೊರಿಯಾ ಯುದ್ಧದ ನಂತರ ಅಮೆರಿಕನ್ ಸೇನಾ ನೆಲೆಗಳಿಂದ ಬಂದ ಸ್ಪ್ಯಾಮ್ (ಡಬ್ಬಿಯ ಹಂದಿಮಾಂಸ), ಸಾಸೇಜ್‌ಗಳನ್ನು ಕಿಮ್ಚಿ ಜೊತೆ ಕುದಿಸಿದರು. ಅದೇ ಬುದೆ ಜಿಗೆ, ಅಂದ್ರೆ ‘ಸೇನಾ ನೆಲೆಯ ಸಾರು’. ದಕ್ಷಿಣ ಕೊರಿಯಾದ ಉಯಿಜಿಯೊಂಗ್ಬು ಊರು ಇವತ್ತಿಗೂ ಅದಕ್ಕೆ ಹೆಸರುವಾಸಿ. ಮುಂದಿನ ವಾರ ಅದನ್ನೇ ಮಾಡುತ್ತಿದ್ದೇನೆ.