8ನೇ ಕ್ಲಾಸ್, ಕನ್ನಡ ಮೀಡಿಯಂ, ಸೈನಿಕ ಶಾಲೆ ಪರೀಕ್ಷೆ: ಇಂಗ್ಲಿಷ್ ಗ್ರಾಮರ್ ಎಲ್ಲಿಂದ ಶುರು ಮಾಡಿಸಲಿ?

ಇಂಡಿ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗ ಸರ್ಕಾರಿ ಶಾಲೆಯಲ್ಲಿ 8ನೇ ಕ್ಲಾಸ್, ಕನ್ನಡ ಮೀಡಿಯಂ. 9ನೇ ಕ್ಲಾಸಿಗೆ ವಿಜಯಪುರ ಸೈನಿಕ ಶಾಲೆಗೆ ಹೋಗಬೇಕು ಅನ್ನೋದು ಅವನದೇ ಆಸೆ. ಲೆಕ್ಕದಲ್ಲಿ ಚುರುಕು. ಇಂಗ್ಲಿಷ್ ಓದುತ್ತಾನೆ, ಆದರೆ ಸ್ವಂತವಾಗಿ ಒಂದು ವಾಕ್ಯ ಬರಿ ಅಂದ್ರೆ ನಿಂತುಬಿಡುತ್ತಾನೆ. ಇಲ್ಲೊಂದು ಕೋಚಿಂಗ್‌ಗೆ ಸೇರಿಸಿದ್ದೆ, ಅಲ್ಲಿ ದಪ್ಪ ಗ್ರಾಮರ್ ಪುಸ್ತಕ ಕೊಟ್ಟು 12 ಟೆನ್ಸ್ ಬಾಯಿಪಾಠ ಮಾಡಿಸಿದರು. ಪಟಪಟ ಒಪ್ಪಿಸುತ್ತಾನೆ, ಅದನ್ನೇ ಬಿಟ್ಟ ಸ್ಥಳ ತುಂಬು ಅಂತ ಕೊಟ್ಟರೆ ತಪ್ಪು ಮಾಡುತ್ತಾನೆ. ನಾನು ಪಿಯುಸಿ ಓದಿದ್ದೇನೆ, ದಿನಾ ಸಂಜೆ ಜೊತೆಗೆ ಕೂರಬಲ್ಲೆ. ಯಾವುದರಿಂದ ಶುರು ಮಾಡಲಿ ಅಂತ ತಿಳಿದವರು ಹೇಳಿ.

ಹೈಸ್ಕೂಲ್ ಮೇಷ್ಟ್ರು, ಹಾವೇರಿ

ಅಮ್ಮಾ, ಆ ದಪ್ಪ ಪುಸ್ತಕ ಸದ್ಯಕ್ಕೆ ಪಕ್ಕಕ್ಕಿಡಿ. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಎಲ್ಲ ಕಡೆ ತಪ್ಪು ಮಾಡಲ್ಲ. ಕನ್ನಡ ಒಂದು ದಾರಿ, ಇಂಗ್ಲಿಷ್ ಇನ್ನೊಂದು ದಾರಿ ಹಿಡಿಯುವ ಕೆಲವೇ ಜಾಗಗಳಲ್ಲಿ ಮತ್ತೆ ಮತ್ತೆ ತಪ್ಪುತ್ತಾರೆ. ಆ ಜಾಗಗಳನ್ನೇ ಹಿಡಿದು ಕೂರಿಸಿದರೆ ಅರ್ಧ ಕೆಲಸ ಆಯಿತು.

ಮೊದಲನೆಯದು ಈಸ್, ಆಮ್, ಆರ್. 'ಅವನು ನನ್ನ ತಮ್ಮ' ಅಂದ್ರೆ ಕನ್ನಡದಲ್ಲಿ ವಾಕ್ಯ ಮುಗಿಯಿತು, ಕ್ರಿಯಾಪದ ಬೇಕಿಲ್ಲ. ಅದಕ್ಕೇ ಹುಡುಗರು 'ಹಿ ಮೈ ಬ್ರದರ್' ಅಂತ ಬರೆಯುತ್ತಾರೆ. ಎರಡನೆಯದು ಆ ಒಂದು ಎಸ್. ನಮ್ಮಲ್ಲಿ ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತಾರೆ ಅಂತ ಕ್ರಿಯಾಪದದ ಬಾಲ ಪ್ರತಿಸಲ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ವರ್ತಮಾನ ಕಾಲದಲ್ಲಿ ಹಿ, ಶಿ, ಇಟ್ ಬಂದಾಗ ಮಾತ್ರ ಎಸ್ ಸೇರುತ್ತದೆ, ಉಳಿದ ಕಡೆ ಗೋ ಅಂದ್ರೆ ಗೋ. ಅದೊಂದೇ ಕಡೆ ಅಂತಲೇ ಮರೆತುಹೋಗುತ್ತದೆ. ಡಸ್, ಡಿಡ್ ಬಂದ ಮೇಲೆ ಕ್ರಿಯಾಪದ ಮತ್ತೆ ಮೂಲ ರೂಪಕ್ಕೆ ಬರುತ್ತದೆ ಅನ್ನೋದನ್ನೂ ಇದರ ಜೊತೆಗೇ ಹೇಳಿ. 'ಡಿಡ್ ಯು ವೆಂಟ್' ಅಂತ ಬರೆಯುವ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ.

ಆಮೇಲೆ ಸಿನ್ಸ್ ಮತ್ತು ಫಾರ್. ಸೋಮವಾರದಿಂದ ಜ್ವರ, ಮೂರು ದಿನದಿಂದ ಜ್ವರ, ಎರಡಕ್ಕೂ ನಮ್ಮಲ್ಲಿ 'ಇಂದ'ವೇ ಸಾಕು. ಅವರಿಗೆ ಶುರುವಾದ ಗಳಿಗೆ ಹೇಳಿದರೆ ಸಿನ್ಸ್ ಮಂಡೇ, ಕಳೆದ ಅವಧಿ ಹೇಳಿದರೆ ಫಾರ್ ತ್ರೀ ಡೇಸ್. ಮನೆಯ ವಿಷಯಗಳನ್ನೇ ಇಟ್ಟುಕೊಂಡು ಹತ್ತು ವಾಕ್ಯ ಮಾಡಿಸಿ, ಕೂತುಬಿಡುತ್ತದೆ. ಎ, ಆನ್ ವಿಷಯದಲ್ಲಿ ಅಕ್ಷರ ನೋಡಬೇಡ, ಉಚ್ಚಾರ ಕೇಳು ಅಂತ ಹೇಳಿ. ಅದಕ್ಕೇ ಆನ್ ಅವರ್, ಎ ಯೂನಿವರ್ಸಿಟಿ.

ನೇರ ಮಾತನ್ನು ಪರೋಕ್ಷ ಮಾಡುವ ಪ್ರಶ್ನೆಗಳಿಗೆ ಜಾಸ್ತಿ ಸಮಯ ಕೊಡಿ. 'ನಾನು ಬರ್ತೀನಿ ಅಂತ ರವಿ ಹೇಳಿದ' ಅಂದಾಗ ನಮ್ಮ 'ಅಂತ' ಎಲ್ಲವನ್ನೂ ಹಾಗೇ ಉಳಿಸಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಐ ಹೋಗಿ ಹಿ ಆಗಬೇಕು, ವಿಲ್ ಹೋಗಿ ವುಡ್ ಆಗಬೇಕು, ಟುಮಾರೋ ಕೂಡ ದಿ ನೆಕ್ಸ್ಟ್ ಡೇ ಆಗಬೇಕು. ಯಾರು, ಯಾವಾಗ, ಯಾರಿಗೆ ಹೇಳಿದರು ಅಂತ ಮೊದಲು ಕನ್ನಡದಲ್ಲೇ ಮಾತಾಡಿಸಿ, ಆಮೇಲೆ ಬರೆಸಿ. ಟೆನ್ಸ್ ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಪರೀಕ್ಷೆಯಲ್ಲಿ ಅದರ ಹೆಸರು ಬರೆಯಬೇಕಿಲ್ಲವಲ್ಲ.

ಕುಶಾಲನಗರದ ಪೋಷಕ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಇದನ್ನು ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿ ಅಕ್ಕಾ. ನನ್ನ ಮಗಳು ಇಲ್ಲಿ ಕೂಡಿಗೆ ಸೈನಿಕ ಶಾಲೆಗೆ ಅಂತ 6ನೇ ಕ್ಲಾಸಿನ ಪರೀಕ್ಷೆ ಬರೆದಾಗ ಕನ್ನಡದಲ್ಲೇ ಬರೆದಳು, 6ನೇ ಕ್ಲಾಸಿಗೆ ಆ ಅವಕಾಶ ಇದೆ. 9ನೇ ಕ್ಲಾಸಿಗೆ ಇಲ್ಲ, ಇಡೀ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲೇ ಇರುತ್ತದೆ. ಒಟ್ಟು 400 ಅಂಕದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ, 50 ಅಂಕ ಅಷ್ಟೇ. ಗಣಿತಕ್ಕೆ 50 ಪ್ರಶ್ನೆ, 200 ಅಂಕ. ಉಳಿದದ್ದು ಬುದ್ಧಿಶಕ್ತಿ, ವಿಜ್ಞಾನ, ಸಮಾಜ, ತಲಾ 50. ನಿಮ್ಮ ಮಗ ಲೆಕ್ಕದಲ್ಲಿ ಚುರುಕು ಅಂದಿರಿ. ಅಪವರ್ತನ ಅಂದ್ರೆ ತಕ್ಷಣ ಮಾಡುವ ಹುಡುಗ ಫ್ಯಾಕ್ಟರೈಸ್ ಅಂತ ಕಂಡರೆ ನಿಂತುಬಿಟ್ಟರೆ ಆ 200ರಲ್ಲೇ ಪೆಟ್ಟು ಬೀಳುತ್ತದೆ ಅಲ್ವಾ?

ಅವನ ಶಾಲೆಯ ಗಣಿತ, ವಿಜ್ಞಾನದ ಪುಸ್ತಕಗಳ ಇಂಗ್ಲಿಷ್ ಮೀಡಿಯಂ ಪ್ರತಿ ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ. ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು ಒಂದೇ ಪಾಠ ಓದಿಸಿ. ವಿಷಯ ಮೊದಲೇ ಗೊತ್ತಿರುವುದರಿಂದ ಇಂಗ್ಲಿಷ್ ತಾನಾಗಿ ಅರ್ಥವಾಗುತ್ತಾ ಹೋಗುತ್ತದೆ.

ಇಂಡಿ ತಾಯಿ

ಇದು ನನಗೆ ಹೊಳೆದೇ ಇರಲಿಲ್ಲ ಅಣ್ಣಾ, ಕೋಚಿಂಗ್‌ನವರೂ ಹೇಳಲಿಲ್ಲ. ಗ್ರಾಮರ್ ಒಂದನ್ನೇ ದಿನವಿಡೀ ಮಾಡಿಸುತ್ತಿದ್ದರು. ಮೇಷ್ಟ್ರೇ, ಹಾಗಾದರೆ ಗ್ರಾಮರಿಗೆ ದಿನಕ್ಕೆ ಎಷ್ಟು ಹೊತ್ತು ಇಡಲಿ? ಗೊತ್ತಿಲ್ಲದ ಪ್ರಶ್ನೆ ಬಿಟ್ಟುಬಿಡು ಅಂತ ಹೇಳಲೋ, ಗುರುತು ಹಾಕು ಅನ್ನಲೋ?

ಹೈಸ್ಕೂಲ್ ಮೇಷ್ಟ್ರು, ಹಾವೇರಿ

ಅರ್ಧ ಗಂಟೆ ಸಾಕಮ್ಮಾ, ಆದರೆ ಒಂದು ದಿನವೂ ತಪ್ಪಬಾರದು. ಅದರಲ್ಲಿ ನಿಯಮ ಹೇಳುವುದು ಐದು ನಿಮಿಷ, ಉಳಿದಿದ್ದು ಬರೆಯುವುದು. ತಪ್ಪಿದ ವಾಕ್ಯಗಳಿಗೇ ಒಂದು ನೋಟ್‌ಬುಕ್ ಇಡಿ, ಭಾನುವಾರ ಅವನ್ನೇ ಮತ್ತೆ ಬರೆಸಿ. ಕುಶಾಲನಗರದವರು ಹೇಳಿದ ವಿಜ್ಞಾನದ ಪುಸ್ತಕದಿಂದಲೇ ಒಂದು ಪ್ಯಾರಾ ತೆಗೆದು ಕಾಂಪ್ರಹೆನ್ಷನ್ ಮಾಡಿಸಬಹುದು, ಎರಡೂ ಕೆಲಸ ಒಟ್ಟಿಗೆ ಆಗುತ್ತದೆ.

ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. 150 ಪ್ರಶ್ನೆಗೆ 180 ನಿಮಿಷ ಇರುತ್ತದೆ. ಗಣಿತಕ್ಕೆ ಜಾಸ್ತಿ ಹೊತ್ತು ಬೇಕು, ಆದ್ದರಿಂದ ಇಂಗ್ಲಿಷಿನ 25ನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸುವ ರೂಢಿ ಮಾಡಿಸಿ. ಓಎಂಆರ್ ಹಾಳೆಯಲ್ಲಿ ವೃತ್ತ ತುಂಬುವುದನ್ನೂ ಮನೆಯಲ್ಲೇ ಅಭ್ಯಾಸ ಮಾಡಲಿ.

ಕುಶಾಲನಗರದ ಪೋಷಕ

ಅಕ್ಕಾ, ಇನ್ನೊಂದು. ಅರ್ಜಿ ಹಾಕುವ ಮೊದಲು ವಯಸ್ಸು ನೋಡಿಕೊಳ್ಳಿ. ಸೇರುವ ವರ್ಷದ ಮಾರ್ಚ್ 31ಕ್ಕೆ 13ರಿಂದ 15 ವರ್ಷದ ಒಳಗೆ ಇರಬೇಕು. 9ನೇ ಕ್ಲಾಸಿಗೆ ಖಾಲಿ ಇರುವ ಸೀಟುಗಳನ್ನಷ್ಟೇ ತುಂಬುತ್ತಾರೆ, ಆ ವರ್ಷ ಎಲ್ಲಿ ಎಷ್ಟು ಸೀಟು ಅಂತ, ಈ ಪರೀಕ್ಷೆ ನಡೆಸುವ ಎನ್‌ಟಿಎ ಸಂಸ್ಥೆಯ ಮಾಹಿತಿ ಪುಸ್ತಿಕೆಯಲ್ಲಿ ಇರುತ್ತದೆ. ಅದನ್ನು ನೋಡಿ ಶಾಲೆ ಆರಿಸಿ.

ಇಂಡಿ ತಾಯಿ

ವಯಸ್ಸು ಸರಿ ಇದೆ ಅಣ್ಣಾ. ಇಂಗ್ಲಿಷ್ ಮೀಡಿಯಂ ಗಣಿತ ಪುಸ್ತಕ ಈಗಷ್ಟೇ ಡೌನ್‌ಲೋಡ್ ಮಾಡಿದೆ, ನಾಳೆ ಪ್ರಿಂಟ್ ಹಾಕಿಸುತ್ತೇನೆ. ಇಬ್ಬರಿಗೂ ತುಂಬಾ ಧನ್ಯವಾದ.